ಕಲ್ಲಿಗೂ 21, ಕೌದಿಗೂ 21: ಪ್ರಯೋಗ ಫೇಲ್ ಆಯ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಾನು 9ನೇ ತರಗತಿಯಲ್ಲಿ ಓದುತ್ತಿದ್ದೇನೆ. ನಮ್ಮದು ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಪರಸಿ (ಹಾಸುಗಲ್ಲು) ಹಾಸಿದ್ದಾರೆ. ಈಗಿನ ಚಳಿಗೆ ಬೆಳಿಗ್ಗೆ ಎದ್ದು ಕಾಲಿಟ್ಟರೆ ಜುಮ್ ಅನ್ನುತ್ತದೆ. ಅದೇ ನೆಲದ ಮೇಲಿನ ಕೌದಿ ಮೇಲೆ ಕಾಲಿಟ್ಟರೆ ಬೆಚ್ಚಗಿರುತ್ತದೆ. ವಿಜ್ಞಾನ ದಿನದ ಪ್ರದರ್ಶನಕ್ಕೆ ‘ಕಲ್ಲು ಕೌದಿಗಿಂತ ತಣ್ಣಗಿರುತ್ತದೆ’ ಅಂತ ತೋರಿಸಬೇಕೆಂದು ಶಾಲೆಯಿಂದ ಥರ್ಮಾಮೀಟರ್ ತಂದೆ. ಕಲ್ಲಿನ ಮೇಲಿಟ್ಟರೂ 21 ಡಿಗ್ರಿ, ರಾತ್ರಿ ಯಾರೂ ಹೊದೆಯದೆ ಮಡಚಿಟ್ಟ ಕೌದಿಯ ಮೇಲಿಟ್ಟರೂ 21 ಡಿಗ್ರಿ. ಮೂರು ದಿನ ನೋಡಿದೆ, ಮೂರು ದಿನವೂ ಅಷ್ಟೇ. ಪ್ರಯೋಗ ಫೇಲ್ ಆಯ್ತು, ಬೇರೆ ವಿಷಯ ತಗೋ ಅಂತ ಗೆಳತಿಯರು ಹೇಳುತ್ತಿದ್ದಾರೆ. ಕಲ್ಲಿಗೆ 19 ಅಂತ ಬರೆದುಬಿಡು, ಯಾರಿಗೆ ಗೊತ್ತಾಗುತ್ತದೆ ಅಂತ ಒಬ್ಬಳು ಹೇಳಿದಳು. ನನಗೆ ಮನಸ್ಸು ಒಪ್ಪುತ್ತಿಲ್ಲ. ಕಾಲಿಗೆ ತಣ್ಣಗೆ ಅನ್ನಿಸುವುದು ಸುಳ್ಳಾ ಸರ್? ಥರ್ಮಾಮೀಟರ್ ಕೆಟ್ಟಿದೆಯಾ? ಊಹೆ ತಪ್ಪಾದರೆ ವೈಜ್ಞಾನಿಕ ವಿಧಾನದಲ್ಲಿ ಮುಂದೆ ಏನು ಮಾಡಬೇಕು?

ಉತ್ತರ: ಮಗಳೇ, 19 ಅಂತ ಬರೆಯಬೇಡ. ಮನಸ್ಸು ಒಪ್ಪುತ್ತಿಲ್ಲ ಅಂದೆಯಲ್ಲ, ಆ ಮಾತು ಓದಿ ನನಗೆ ಬಹಳ ಸಂತೋಷ ಆಯಿತು.

ಕಲಬುರಗಿಯಲ್ಲಿ ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿದ್ದೇನೆ. ಲ್ಯಾಬಿನಲ್ಲಿ ಬಂದ ಅಂಕಿಯನ್ನು ರಬ್ಬರಿನಿಂದ ಅಳಿಸಿ, ಬರಬೇಕಾಗಿದ್ದ ಅಂಕಿಯನ್ನು ಬರೆಯುವ ಮಕ್ಕಳನ್ನು ಪ್ರತಿ ವರ್ಷವೂ ನೋಡಿದ್ದೇನೆ. ಇದರಲ್ಲಿ ತಪ್ಪು ಮಕ್ಕಳದೊಂದೇ ಅಲ್ಲ. ಬಂದದ್ದನ್ನು ಬಂದ ಹಾಗೆ ಬರೆದವರಿಗೆ ಅಂಕ ಕಡಿಮೆ ಕೊಟ್ಟ ನಮ್ಮಂಥ ಮಾಸ್ತರರದೂ ಇದೆ. ನಿನ್ನ ವಹಿಯಲ್ಲಿ ಆ ಎರಡು 21 ಹಾಗೇ ಇರಲಿ. ನಿನ್ನ ಪ್ರಾಜೆಕ್ಟಿನಲ್ಲಿ ಇಲ್ಲಿಯವರೆಗೆ ಸಿಕ್ಕಿದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಅವೇ.

ಫೇಲ್ ಆದದ್ದು ನಿನ್ನ ಊಹೆ. ಪ್ರಯೋಗ ಪಾಸಾಗಿದೆ. ಕಲ್ಲು ಕೌದಿಗಿಂತ ತಣ್ಣಗಿದೆಯಾ ಅಂತ ನೀನು ಕೇಳಿದೆ. ಇಲ್ಲ ಅಂತ ಅದು ಮೂರು ಸಲ ಹೇಳಿತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಅಲ್ವಾ? ಆ ಉತ್ತರದಿಂದ ಮೊದಲಿಗಿಂತ ದೊಡ್ಡ ಪ್ರಶ್ನೆ ಹುಟ್ಟಿದೆ. ಎರಡರ ತಾಪಮಾನ ಒಂದೇ ಆಗಿದ್ದರೆ ಕಾಲಿಗೆ ಯಾಕೆ ಬೇರೆ ಬೇರೆ ಅನ್ನಿಸುತ್ತದೆ? ಪ್ರದರ್ಶನಕ್ಕೆ ಈ ಪ್ರಶ್ನೆಯನ್ನೇ ತಗೋ.

ನಿನ್ನ ಕಾಲು ಸುಳ್ಳು ಹೇಳುತ್ತಿಲ್ಲ. ಥರ್ಮಾಮೀಟರ್ ಒಂದು ಸಂಗತಿ ಹೇಳುತ್ತಿದೆ, ಕಾಲು ಇನ್ನೊಂದು ಸಂಗತಿ ಹೇಳುತ್ತಿದೆ. ನಾವು ಎರಡಕ್ಕೂ ‘ತಣ್ಣಗೆ’ ಅಂತ ಒಂದೇ ಹೆಸರು ಇಟ್ಟಿದ್ದೇವೆ, ಗೊಂದಲ ಆಗಿರುವುದು ಅಲ್ಲೇ.

ಬೆಳಿಗ್ಗೆ ನೀನು ಪರಸಿಯ ಮೇಲೆ ಕಾಲಿಡುವ ಆ ಒಂದು ಕ್ಷಣವನ್ನೇ ಹತ್ತಿರದಿಂದ ನೋಡೋಣ. ದೇಹದ ಒಳಗೆ 37 ಡಿಗ್ರಿ. ಚರ್ಮದ ಮೇಲ್ಭಾಗ ಸಾಮಾನ್ಯವಾಗಿ 32ರಿಂದ 34, ಚಳಿಯಲ್ಲಿ ಅಂಗಾಲು ಇನ್ನೂ ಸ್ವಲ್ಪ ಕಡಿಮೆ. ಪರಸಿ 21. ಶಾಖ ಯಾವಾಗಲೂ ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ ಹರಿಯುತ್ತದೆ. ಹಾಗಾಗಿ ಅಂಗಾಲಿನ ಶಾಖ ಕಲ್ಲಿಗೆ ಇಳಿಯುತ್ತದೆ. ಕಲ್ಲಿನ ಮೇಲ್ಪದರ ಅದನ್ನು ತಗೊಂಡು ತಕ್ಷಣ ಕೆಳಗಿನ ಪದರಕ್ಕೆ ದಾಟಿಸುತ್ತದೆ, ಅದು ಇನ್ನೂ ಕೆಳಕ್ಕೆ ದಾಟಿಸುತ್ತದೆ. ಮೇಲ್ಪದರ ಮತ್ತೆ ತಗೊಳ್ಳಲು ತಯಾರಾಗಿ ನಿಲ್ಲುತ್ತದೆ. ಅಂಗಾಲು ಬೇಗ ಬೇಗ ಶಾಖ ಕಳೆದುಕೊಳ್ಳುತ್ತದೆ, ಚರ್ಮದ ತಾಪಮಾನ ಸರ್ ಅಂತ ಇಳಿಯುತ್ತದೆ. ಚರ್ಮದಲ್ಲಿರುವ ನರಗಳಿಗೆ ಕಲ್ಲಿನ ತಾಪಮಾನ ತಿಳಿಯುವುದಿಲ್ಲ. ಅವಕ್ಕೆ ತಿಳಿಯುವುದು ಚರ್ಮ ಎಷ್ಟು ತಣ್ಣಗಾಗಿದೆ, ಎಷ್ಟು ಬೇಗ ತಣ್ಣಗಾಗುತ್ತಿದೆ ಅನ್ನುವುದು. ಆ ‘ಜುಮ್’ ಅಂದರೆ ಇದೇ.

ಈಗ ಕೌದಿಯ ಮೇಲೆ ಕಾಲಿಡು. ಅಂಗಾಲಿಗೆ ತಾಗಿದ ನೂಲು ಕ್ಷಣದಲ್ಲೇ ಬೆಚ್ಚಗಾಗುತ್ತದೆ. ಆದರೆ ಆ ಶಾಖವನ್ನು ಕೆಳಕ್ಕೆ ದಾಟಿಸಲು ಅದಕ್ಕೆ ಆಗುವುದಿಲ್ಲ. ಕೌದಿ ಹೊಲಿಯುವುದನ್ನು ನೀನು ನೋಡಿರುತ್ತೀ. ಹಳೆಯ ಸೀರೆ, ಧೋತರ, ಹರಿದ ಅರಿವೆ ಪದರ ಪದರ ಹಾಸಿ, ಸಾಲು ಸಾಲಾಗಿ ದಾರ ಎಳೆಯುತ್ತಾರೆ. ಆ ಪದರಗಳ ನಡುವೆ, ನೂಲು ನೂಲಿನ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲುಗಾಡದೆ ನಿಂತ ಗಾಳಿ ಶಾಖವನ್ನು ದಾಟಿಸುವುದರಲ್ಲಿ ಬಹಳ ಸೋಮಾರಿ. ನಮ್ಮ ಶಹಾಬಾದ್ ಪರಸಿ ಸುಣ್ಣಕಲ್ಲು. ಅದು ನಿಂತ ಗಾಳಿಗಿಂತ 50 ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ದಾಟಿಸುತ್ತದೆ. ಕಟ್ಟಿಗೆಗೆ ಹೋಲಿಸಿದರೆ ಸುಮಾರು ಹತ್ತು ಪಟ್ಟು. ರೊಟ್ಟಿ ಸುಡುವ ಕಬ್ಬಿಣದ ಹಂಚು ಕಲ್ಲನ್ನೂ ಎಷ್ಟೋ ಪಟ್ಟು ಮೀರಿಸುತ್ತದೆ.

ಒಂದು ಒರಟು ಲೆಕ್ಕ ಹೇಳುತ್ತೇನೆ. ಚರ್ಮ 33 ಡಿಗ್ರಿ ಇದೆ, ಕಲ್ಲೂ ಕಟ್ಟಿಗೆಯೂ 20 ಡಿಗ್ರಿ ಇವೆ ಅಂತಿಟ್ಟುಕೋ. ಮುಟ್ಟಿದ ಮೊದಲ ಕ್ಷಣಗಳಲ್ಲಿ ಕಲ್ಲಿಗೆ ತಾಗಿದ ಚರ್ಮದ ಮೇಲ್ಭಾಗ ಸುಮಾರು 25ಕ್ಕೆ ಇಳಿಯುತ್ತದೆ. ಕಟ್ಟಿಗೆಗೆ ತಾಗಿದ್ದು ಸುಮಾರು 30ರಲ್ಲೇ ನಿಲ್ಲುತ್ತದೆ. ಅರಿವೆಗೆ ತಾಗಿದ್ದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ವಸ್ತುಗಳ ತಾಪಮಾನ ಒಂದೇ, ಚರ್ಮಕ್ಕೆ ಆದದ್ದು ಬೇರೆ ಬೇರೆ. ಕೌದಿ ಬೆಚ್ಚಗಿದೆ ಅಂತ ನಾವು ಸುಮ್ನೆ ಅನ್ನುತ್ತೇವೆ. ಕೌದಿಯಲ್ಲಿ ಬಿಸಿ ಇಲ್ಲ. ನಮ್ಮ ಬಿಸಿ ನಮ್ಮಲ್ಲೇ ಉಳಿಯುವ ಹಾಗೆ ಅದು ತಡೆಯುತ್ತದೆ, ಅಷ್ಟೇ.

ತಾಪಮಾನ ಮತ್ತು ಶಾಖ ಬೇರೆ ಬೇರೆ ಅಂತ ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿರುತ್ತೀರಿ. ಒಂದು ಚಮಚ ಕುದಿಯುವ ಚಹಾದ ತಾಪಮಾನ ಜಾಸ್ತಿ, ಆದರೆ ಅದನ್ನು ತಣ್ಣೀರಿನ ಬಕೆಟ್ಟಿಗೆ ಸುರಿದರೆ ನೀರು ಬಿಸಿಯಾಗುವುದೇ ಇಲ್ಲ. ಅದೇ ಒಂದು ತಂಬಿಗೆ ಉಗುರುಬೆಚ್ಚಗಿನ ನೀರು ಸುರಿದರೆ ಗೊತ್ತಾಗುವಷ್ಟು ಬದಲಾವಣೆ ಆಗುತ್ತದೆ. ಎಷ್ಟು ಬಿಸಿ ಅನ್ನುವುದು ತಾಪಮಾನ. ಎಷ್ಟು ಕೊಟ್ಟೆ, ಎಷ್ಟು ತಗೊಂಡೆ ಅನ್ನುವುದು ಶಾಖ. ದೊಡ್ಡವರಿಗೂ ಇದು ಬೇಗ ಹೊಳೆದದ್ದಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ಸುಮಾರಿಗೆ ಗ್ಲಾಸ್ಗೋದಲ್ಲಿ ಪಾಠ ಹೇಳುವಾಗ ಇದನ್ನು ಬಿಡಿಸಿ ತೋರಿಸಿದ. ಒಂದೇ ಕೋಣೆಯಲ್ಲಿ ಬಹಳ ಹೊತ್ತು ಬಿಟ್ಟ ಕಬ್ಬಿಣ, ಕಟ್ಟಿಗೆ, ಉಣ್ಣೆ ಎಲ್ಲವೂ ಒಂದೇ ತಾಪಮಾನಕ್ಕೆ ಬರುತ್ತವೆ, ಕೈಗೆ ಹಾಗೆ ಅನ್ನಿಸದಿದ್ದರೂ ಥರ್ಮಾಮೀಟರ್ ಹಾಗೆ ಹೇಳುತ್ತದೆ ಅನ್ನುವುದು ಅವನ ಪಾಠದ ಬುನಾದಿ. ಚಿತ್ತಾಪುರದ ಹಳ್ಳಿಯೊಂದರಲ್ಲಿ ನೀನು ಮೂರು ದಿನ ಕೂತು ಕಂಡುಕೊಂಡದ್ದೂ ಅದನ್ನೇ.

ಇಷ್ಟು ಹೇಳಿದ ಮೇಲೆ ಒಂದು ಮುಖ್ಯವಾದ ಮಾತು. ನಾನು ಹೇಳಿದೆ ಅಂತ ಇದನ್ನು ನಂಬಬೇಡ. ಮೇಲೆ ಹೇಳಿದ್ದು ಕೇಳುವುದಕ್ಕೆ ಚೆನ್ನಾಗಿದೆ, ಸರಿಯಾಗಿದೆ ಅಂತಲೂ ಅನ್ನಿಸುತ್ತದೆ. ಅಷ್ಟರಿಂದಲೇ ಅದು ವಿಜ್ಞಾನ ಆಗುವುದಿಲ್ಲ. ‘ಕಲ್ಲು ತಣ್ಣಗಿರುತ್ತದೆ’ ಅನ್ನುವ ನಿನ್ನ ಮೊದಲ ಊಹೆಯೂ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಹಾಗಾದರೆ ಹೊಸ ವಿವರಣೆಯನ್ನು ಪರೀಕ್ಷೆ ಮಾಡುವುದು ಹೇಗೆ? ಅದು ಸರಿಯಾಗಿದ್ದರೆ ಇನ್ನೂ ಏನೇನು ಆಗಬೇಕು, ಯಾವುದು ಆಗಬಾರದು ಅಂತ ಮೊದಲೇ ಬರೆದಿಡಬೇಕು. ಆಮೇಲೆ ಮಾಡಿ ನೋಡಬೇಕು. ವೈಜ್ಞಾನಿಕ ವಿಧಾನ ಅಂತ ಪುಸ್ತಕದಲ್ಲಿ ಐದಾರು ಮೆಟ್ಟಿಲುಗಳ ಚಿತ್ರ ಇರುತ್ತದೆ. ನನ್ನ ಪ್ರಕಾರ ಅದರ ಜೀವ ಇರುವುದು ಈ ಒಂದು ಮೆಟ್ಟಿಲಲ್ಲಿ. ನೀನೇ ತಪ್ಪು ಅಂತ ಸಾಬೀತಾಗಬಹುದಾದ ಮಾತನ್ನು, ಫಲಿತಾಂಶ ಬರುವ ಮೊದಲೇ, ತಾರೀಖು ಹಾಕಿ ಬರೆಯುವುದು.

ನಮ್ಮ ವಿವರಣೆಯಿಂದ ಮೂರು ಭವಿಷ್ಯ ಹೇಳಬಹುದು.

ಮೊದಲನೆಯದು ಮಂಜುಗಡ್ಡೆಯದು. ಒಂದೇ ಅಚ್ಚಿನ ಎರಡು ಮಂಜುಗಡ್ಡೆ ತುಂಡು ತಗೋ. ಒಂದನ್ನು ಪರಸಿಯ ಮೇಲೆ, ಇನ್ನೊಂದನ್ನು ನಾಲ್ಕು ಮಡಿಕೆಯ ಕೌದಿಯ ಮೇಲೆ ಇಡು. ಯಾವುದು ಮೊದಲು ಕರಗುತ್ತದೆ? ಊರಲ್ಲಿ ಹತ್ತು ಜನರನ್ನು ಕೇಳು. ‘ತಣ್ಣಗಿರುವ’ ಕಲ್ಲಿನ ಮೇಲಿನದು ಉಳಿಯುತ್ತದೆ, ‘ಬೆಚ್ಚಗಿರುವ’ ಕೌದಿಯ ಮೇಲಿನದು ಬೇಗ ಕರಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನಮ್ಮ ವಿವರಣೆ ಉಲ್ಟಾ ಹೇಳುತ್ತದೆ. ಕಲ್ಲು ಶಾಖ ಚೆನ್ನಾಗಿ ದಾಟಿಸುವುದರಿಂದ ಮಂಜುಗಡ್ಡೆಗೂ ಬೇಗ ಶಾಖ ಕೊಡುತ್ತದೆ, ಕಲ್ಲಿನ ಮೇಲಿನದೇ ಮೊದಲು ಕರಗಬೇಕು. ಮಂಜುಗಡ್ಡೆಯ ದೊಡ್ಡ ದಿಮ್ಮಿಯನ್ನು ಸಾಗಿಸುವವರು ಅದನ್ನು ಗೋಣಿಚೀಲದಲ್ಲಿ ಸುತ್ತಿ ಕಟ್ಟಿಗೆ ಹೊಟ್ಟು ಹಾಕುವುದನ್ನು ನೋಡಿದ್ದೀಯಲ್ಲ. ಅವರಿಗೆ ಇದು ಕೆಲಸದಿಂದಲೇ ಗೊತ್ತು.

ಇದನ್ನು ಮಾಡುವಾಗ ಒಂದು ಎಚ್ಚರಿಕೆ. ಕರಗಿದ ನೀರು ಕೌದಿಗೆ ಇಳಿದರೆ ಕೌದಿ ಒದ್ದೆಯಾಗಿ ಅದರ ಗುಣವೇ ಬದಲಾಗುತ್ತದೆ. ಅದಕ್ಕೆ ಕೌದಿಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸು. ಕೌದಿಗೆ ಹಾಸಿದ ಮೇಲೆ ಕಲ್ಲಿಗೂ ಅಂಥದ್ದೇ ಹಾಳೆ ಹಾಸಬೇಕು. ಯಾಕೆ ಅಂತ ನೀನೇ ಯೋಚಿಸು. ನಾಳೆ ಯಾರಾದರೂ ‘ವ್ಯತ್ಯಾಸ ಬಂದದ್ದು ಪ್ಲಾಸ್ಟಿಕ್‌ನಿಂದ ಇರಬಹುದಲ್ಲ’ ಅಂತ ಕೇಳಿದರೆ ನಿನ್ನ ಬಳಿ ಉತ್ತರ ಇರಬೇಕು. ಫ್ಯಾನ್ ಬಂದ್ ಮಾಡು. ತುಂಡುಗಳನ್ನು ಅದಲು ಬದಲು ಮಾಡಿ ಇನ್ನೊಂದು ಸಲ ನೋಡು. ಒಂದು ಸಲಕ್ಕೆ ಒಂದೇ ವ್ಯತ್ಯಾಸ ಇರಬೇಕು. ಇಲ್ಲಿ ಆ ವ್ಯತ್ಯಾಸ ಕೆಳಗಿರುವುದು ಕಲ್ಲಾ ಕೌದಿಯಾ ಅನ್ನುವುದು ಮಾತ್ರ.

ಎರಡನೆಯ ಭವಿಷ್ಯ ನನಗೆ ಬಹಳ ಇಷ್ಟವಾದದ್ದು. ಇದನ್ನು ಮಾಡಲು ನಮ್ಮ ಭಾಗದಲ್ಲಿ ಹುಟ್ಟಿದವರಿಗೆ ಒಂದು ಅನುಕೂಲ ಇದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ನಮ್ಮಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ 42 ದಾಟುತ್ತದೆ. ಅಂದರೆ ಒಂದು ಕಾಲದಲ್ಲಿ ಸುತ್ತಲಿನ ವಸ್ತುಗಳು ಚರ್ಮಕ್ಕಿಂತ ತಣ್ಣಗಿರುತ್ತವೆ, ಇನ್ನೊಂದು ಕಾಲದಲ್ಲಿ ಚರ್ಮಕ್ಕಿಂತ ಬಿಸಿಯಾಗಿರುತ್ತವೆ. ವಿವರಣೆ ಸರಿಯಾಗಿದ್ದರೆ ಮೇ ತಿಂಗಳಲ್ಲಿ ಆಟ ತಿರುಗಿಬೀಳಬೇಕು. ಈಗ ಎಲ್ಲಕ್ಕಿಂತ ಜಾಸ್ತಿ ತಣ್ಣಗೆ ಅನ್ನಿಸುವ ವಸ್ತುವೇ ಆಗ ಎಲ್ಲಕ್ಕಿಂತ ಜಾಸ್ತಿ ಬಿಸಿ ಅನ್ನಿಸಬೇಕು. ಯಾಕೆಂದರೆ ಆಗ ಶಾಖ ವಸ್ತುವಿನಿಂದ ಕೈಗೆ ಹರಿಯುತ್ತದೆ, ಚೆನ್ನಾಗಿ ದಾಟಿಸುವುದು ಚೆನ್ನಾಗಿ ಸುಡುತ್ತದೆ.

ಕಬ್ಬಿಣದ ಹಂಚು, ಬಿಡಿ ಪರಸಿ ತುಂಡು, ಕಟ್ಟಿಗೆಯ ಮಣೆ, ಮಡಚಿದ ಕೌದಿ, ಈ ನಾಲ್ಕನ್ನು ಒಂದು ತಗಡಿನ ಶೆಡ್ಡಿನೊಳಗೆ ಬೆಳಿಗ್ಗೆಯೇ ಇಡು. ನೇರ ಬಿಸಿಲು ಯಾವುದಕ್ಕೂ ಬೀಳಬಾರದು. ಬಿಸಿಲು ಬಿದ್ದರೆ ಕಪ್ಪು ಹಂಚು ಜಾಸ್ತಿ ಕಾಯುತ್ತದೆ, ಕೈ ಸುಡುತ್ತದೆ, ಪ್ರಯೋಗವೂ ಕೆಡುತ್ತದೆ. ದಪ್ಪ ಕಲ್ಲು ನಿಧಾನವಾಗಿ ಕಾಯುವುದರಿಂದ ತೆಳ್ಳನೆಯ ತುಂಡೇ ಇರಲಿ. ಮಧ್ಯಾಹ್ನ ಎರಡು ಮೂರು ಗಂಟೆಗೆ ನಾಲ್ಕರ ತಾಪಮಾನವನ್ನೂ ಅಳೆದು, ಅವು ಹತ್ತಿರ ಹತ್ತಿರ ಇವೆ ಅಂತ ಖಾತ್ರಿ ಮಾಡಿಕೊಂಡ ಮೇಲೆ, ಕಣ್ಣು ಕಟ್ಟಿದ ಗೆಳತಿಗೆ ಒಂದೊಂದಾಗಿ ಮುಟ್ಟಲು ಹೇಳು. ಕಣ್ಣು ಕಟ್ಟುವುದು ಆಟಕ್ಕಲ್ಲ. ಹಂಚು ಅಂತ ಕಂಡ ಕೂಡಲೇ ‘ಬಿಸಿ’ ಅನ್ನುವ ಅಭ್ಯಾಸ ನಮ್ಮೆಲ್ಲರ ಮನಸ್ಸಿಗೂ ಇದೆ.

ಮೂರನೆಯದು ಇವೆರಡರ ನಡುವಿನದು. ಮಾರ್ಚ್, ಏಪ್ರಿಲ್‌ನಲ್ಲಿ ಕೋಣೆಯ ತಾಪಮಾನ 33-34ಕ್ಕೆ ಬಂದು ನಿಲ್ಲುವ ಸಂಜೆಗಳಿರುತ್ತವೆ. ಆಗ ವಸ್ತುವೂ ಚರ್ಮವೂ ಒಂದೇ ತಾಪಮಾನ. ಶಾಖ ಹರಿಯುವುದಕ್ಕೆ ಕಾರಣವೇ ಇಲ್ಲ. ಆ ಸಂಜೆ ಕಲ್ಲು, ಕಬ್ಬಿಣ, ಕಟ್ಟಿಗೆ, ಕೌದಿ ಒಮ್ಮೆ ಮುಟ್ಟಿ ಕೈ ತೆಗೆದರೆ ಬಿಸಿ ತಣ್ಣಗೆ ಅನ್ನುವ ಭೇದವೇ ಹೆಚ್ಚುಕಡಿಮೆ ಗೊತ್ತಾಗಬಾರದು. ಬಹಳ ಹೊತ್ತು ಹಿಡಿದುಕೊಂಡರೆ ಬೇರೆ ಮಾತು, ದೇಹ ಶಾಖ ಹುಟ್ಟಿಸುತ್ತಲೇ ಇರುತ್ತದೆ. ‘ಕಲ್ಲಿಗೆ ತಂಪು ಗುಣ ಇದೆ’ ಅನ್ನುವ ವಿವರಣೆ ಇಂಥ ಸಂಜೆಯನ್ನು ಮುಂಚಿತವಾಗಿ ಹೇಳಲಾರದು. ನಮ್ಮದು ಹೇಳುತ್ತದೆ. ಎರಡು ವಿವರಣೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಆರಿಸುವುದು ಹೀಗೆ.

ವಿಜ್ಞಾನ ದಿನ ಫೆಬ್ರವರಿ 28, ಅಷ್ಟರೊಳಗೆ ಮೇ ತಿಂಗಳು ಎಲ್ಲಿಂದ ತರಲಿ ಅಂತ ಕೇಳುತ್ತೀ. ಕಲ್ಲಿನ ಒಂದು ತುಂಡು, ಅಷ್ಟೇ ದೊಡ್ಡ ಕಟ್ಟಿಗೆಯ ಒಂದು ತುಂಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 43-44 ಡಿಗ್ರಿಯ ನೀರಿನಲ್ಲಿ ಅರ್ಧ ಮುಕ್ಕಾಲು ಗಂಟೆ ಮುಳುಗಿಸಿಡು. ನೀರು ಆರಿದಂತೆ ಸ್ವಲ್ಪ ಸ್ವಲ್ಪ ಬಿಸಿನೀರು ಸೇರಿಸುತ್ತಿರು. ತೆಗೆದು ಒರೆಸಿ ಮುಟ್ಟಿಸಿದರೆ ಸಾಕು, ಚಿಕ್ಕದೊಂದು ಮೇ ತಿಂಗಳು ಸಿಗುತ್ತದೆ. ನಿಜವಾದ ಮೇ ತಿಂಗಳ ಭವಿಷ್ಯವನ್ನು ಚಾರ್ಟಿನ ಮೇಲೆ ತಾರೀಖು ಸಮೇತ ಬರೆದು ನೇತುಹಾಕು.

ಈಗ ನಿನ್ನ ಥರ್ಮಾಮೀಟರ್ ವಿಷಯಕ್ಕೆ ಬರುತ್ತೇನೆ. ಅದು ಕೆಟ್ಟಿದೆಯಾ ಅಂತ ಕೇಳಿದ್ದು ಒಳ್ಳೆಯ ಪ್ರಶ್ನೆ. ಊಹೆ ತಪ್ಪಾದಾಗ ಮಾತ್ರ ಉಪಕರಣವನ್ನು ಅನುಮಾನಿಸುವುದು ಸರಿಯಲ್ಲ, ಊಹೆ ಸರಿಬಂದಾಗಲೂ ಅಷ್ಟೇ ಅನುಮಾನಿಸಬೇಕು. ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಬರುವುದಿಲ್ಲ, ಅದರ ಅಳತೆ 35ರಿಂದ ಶುರುವಾಗುತ್ತದೆ. ನೀನು 21 ಓದಿದ್ದೀ ಅಂದರೆ ಲ್ಯಾಬಿನದೇ ಇರಬೇಕು. ಪರೀಕ್ಷೆ ಮಾಡುವುದು ಸುಲಭ. ಮಂಜುಗಡ್ಡೆ ಪುಡಿಮಾಡಿ ಸ್ವಲ್ಪ ನೀರು ಬೆರೆಸಿ, ಕಲಕಿ, ಅದರಲ್ಲಿ ಥರ್ಮಾಮೀಟರಿನ ತುದಿಯ ಬಲ್ಬ್ ಮುಳುಗಿಸು. 0 ತೋರಿಸಬೇಕು. ಒಂದು ಡಿಗ್ರಿ ಹೆಚ್ಚು ತೋರಿಸಿದರೆ ಗಾಬರಿ ಬೇಡ, ಎಲ್ಲ ಅಳತೆಯಲ್ಲೂ ಆ ಒಂದನ್ನು ಕಳೆ, ಕಳೆದದ್ದನ್ನು ವಹಿಯಲ್ಲಿ ಬರೆ.

ಕುದಿಯುವ ನೀರಿನಲ್ಲೂ ನೋಡಬಹುದು. 100ರ ಆಚೆಗೂ ಗೆರೆ ಇದ್ದರೆ ಮಾತ್ರ, ಅದೂ ಮಾಸ್ತರರು ಪಕ್ಕದಲ್ಲಿದ್ದಾಗ. ಒಳಗಿರುವುದು ಪಾದರಸವಾಗಿದ್ದರೆ ಒಡೆಯದಂತೆ ಬಹಳ ಹುಷಾರು, ಅದು ವಿಷ. ಮತ್ತೆ ಅಲ್ಲಿ 100 ಬರುವುದಿಲ್ಲ, ನೆನಪಿರಲಿ. ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕುದಿಯುವ ತಾಪಮಾನ ಇಳಿಯುತ್ತದೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ 98.5ರ ಹತ್ತಿರ ಬರಬೇಕು. ಬೀದರ್ ಇನ್ನೂ ಎತ್ತರ, ಅಲ್ಲಿ 98ರ ಆಸುಪಾಸು. ಪುಸ್ತಕದಲ್ಲಿ 100 ಇದೆ ಅಂತ ವಹಿಯಲ್ಲಿ 100 ಬರೆದವರು ನಮ್ಮ ಊರಿನ ಎತ್ತರವನ್ನೇ ಅಳಿಸಿಹಾಕಿದ ಹಾಗೆ.

ನನಗೆ ನಿಜವಾದ ಅನುಮಾನ ಇರುವುದು ನೀನು ಇಟ್ಟ ರೀತಿಯ ಮೇಲೆ. ದುಂಡನೆಯ ಬಲ್ಬನ್ನು ಚಪ್ಪಟೆ ಕಲ್ಲಿನ ಮೇಲೆ ಸುಮ್ನೆ ಇಟ್ಟರೆ ಕಲ್ಲಿಗೆ ತಾಗುವುದು ಸೂಜಿಮೊನೆಯಷ್ಟು ಜಾಗ. ಉಳಿದ ಸುತ್ತೆಲ್ಲ ಗಾಳಿ. ನೀನು ಎರಡು ಸಲವೂ ಅಳೆದದ್ದು ಕೋಣೆಯ ಗಾಳಿಯನ್ನೇ ಇರಬಹುದು! ಇದಕ್ಕೆ ಉಪಾಯ ಇದೆ. ಬಲ್ಬನ್ನು ಕಲ್ಲಿನ ಮೇಲೆ ಮಲಗಿಸಿ ಮೇಲಿಂದ ಒಣ ಹತ್ತಿಯ ಉಂಡೆ ಒತ್ತಿ, ಅದರ ಮೇಲೆ ಸಣ್ಣ ಭಾರ ಇಡು. ಹತ್ತು ನಿಮಿಷ ಕಾದು ಓದು. ಓದುವಾಗ ಕಣ್ಣು ಗೆರೆಯ ನೇರಕ್ಕಿರಲಿ, ಬಾಯಿಯ ಉಸಿರು ತಾಗದಿರಲಿ. ಕೌದಿಗಾದರೆ ಬಲ್ಬನ್ನು ಮಡಿಕೆಯ ಒಳಗೆ ತೂರಿಸು.

ಹತ್ತಿ ಒಣಗಿರಲೇಬೇಕು ಅಂತ ಯಾಕೆ ಹೇಳಿದೆ ಅಂದರೆ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಅಳತೆಗೆ ಬಲ್ಬಿನ ಮೇಲೆ ಹಸಿ ಎರೆಮಣ್ಣು ಮೆತ್ತಿದ್ದೆ. ಕಲ್ಲಿನ ತಾಪಮಾನ ಕೋಣೆಗಿಂತ ಎರಡು ಡಿಗ್ರಿ ಕಡಿಮೆ ಬಂತು. ಮತ್ತೆ ಮಾಡಿದೆ, ಮತ್ತೆ ಎರಡು ಡಿಗ್ರಿ ಕಡಿಮೆ. ಒಂದು ವಾರ ಅದನ್ನೇ ನಿಜ ಅಂತ ನಂಬಿ ತರಗತಿಯಲ್ಲೂ ಹೇಳಿದೆ. ಒಂದು ದಿನ ಮರೆತು ಹಾಗೇ ಬಿಟ್ಟು ಹೋಗಿದ್ದೆ. ಮರುದಿನ ಬಂದು ನೋಡಿದರೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ವ್ಯತ್ಯಾಸ ಮಾಯವಾಗಿತ್ತು. ಎರಡು ಡಿಗ್ರಿ ಕಲ್ಲಿನದಲ್ಲ, ಹಸಿ ಮಣ್ಣಿನದು. ತೇವ ಆರುವಾಗ ಶಾಖ ತಗೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಾಗುವುದೂ ಹೀಗೇ. ಮರುದಿನ ತರಗತಿಗೆ ಹೋಗಿ, ಕಳೆದ ವಾರ ಹೇಳಿದ್ದು ತಪ್ಪು, ಯಾಕೆ ತಪ್ಪು ಅಂತ ಒಂದು ಗಂಟೆ ಹೇಳಿದೆ. ಆ ಪಾಠವನ್ನು ಮಕ್ಕಳು ಗಮನವಿಟ್ಟು ಕೇಳಿದಷ್ಟು ಬೇರೆ ಯಾವುದನ್ನೂ ಕೇಳಿರಲಿಲ್ಲ. ಇಲ್ಲಿ ಒಂದನ್ನು ಗಮನಿಸು. ಮೂರು ಸಲ ಒಂದೇ ಉತ್ತರ ಬಂದರೆ ಅದು ಸರಿ ಅಂತ ಖಾತ್ರಿಯಿಲ್ಲ. ಒಂದೇ ತಪ್ಪನ್ನು ಮೂರು ಸಲ ಮಾಡಿದರೂ ಒಂದೇ ಉತ್ತರ ಬರುತ್ತದೆ. ಅದಕ್ಕೇ ರೀತಿಯನ್ನು ಬದಲಿಸಿ ಅಳೆಯಬೇಕು.

ಇನ್ನೊಂದು ತೊಡಕು ನಿನ್ನ ಮನೆಯ ನೆಲದ್ದೇ. ನೆಲಕ್ಕೆ ಹಾಸಿದ ಪರಸಿ ಕೆಳಗಿನ ಮಣ್ಣಿಗೆ ಅಂಟಿಕೊಂಡಿದೆ. ಭೂಮಿಯ ಒಳಗೆ ಕೆಲವು ಮೀಟರ್ ಹೋದರೆ ವರ್ಷವಿಡೀ ತಾಪಮಾನ ಹೆಚ್ಚುಕಡಿಮೆ ಒಂದೇ ಇರುತ್ತದೆ, ಆ ಊರಿನ ವರ್ಷದ ಸರಾಸರಿಯ ಹತ್ತಿರ. ನಮ್ಮಲ್ಲಿ ಅದು ಸುಮಾರು 27. ಹಾಗಾಗಿ ಮೇ ಮಧ್ಯಾಹ್ನ ಹೊರಗೆ 42 ಇದ್ದಾಗ ಮನೆಯ ನೆಲ ನಿಜವಾಗಿಯೂ ಗಾಳಿಗಿಂತ ತಣ್ಣಗಿರುತ್ತದೆ. ಅಲ್ಲಿ ಥರ್ಮಾಮೀಟರೂ ಹಾಗೇ ಹೇಳುತ್ತದೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಬರೀ ನೆಲದ ಮೇಲೆ ಅಡ್ಡಾಗುವುದು ಸುಮ್ನೆ ಅಲ್ಲ. ಚಳಿಗಾಲದ ನಸುಕಿನಲ್ಲಿ ಅದೇ ನೆಲ ಗಾಳಿಗಿಂತ ಸ್ವಲ್ಪ ಬಿಸಿಯಾಗಿಯೂ ಇರಬಹುದು, ಸರಿಯಾಗಿ ಅಳೆದರೆ ನಿನಗೆ 22 ಅಥವಾ 23 ಬಂದರೆ ಆಶ್ಚರ್ಯ ಇಲ್ಲ. ಎರಡು ಕಾರಣಗಳು ಒಂದರೊಳಗೊಂದು ಸೇರಿಕೊಂಡಿವೆ. ಬಿಡಿಸಬೇಕೆಂದರೆ ನೆಲವನ್ನು ಬಿಟ್ಟು ಬಿಡಿ ಪರಸಿ ತುಂಡು ತಗೋ. ನಿಮ್ಮ ಕಡೆ ಅದಕ್ಕೇನು ಬರಗಾಲ ಇಲ್ಲ. ಅದನ್ನು ಕೌದಿಯ ಪಕ್ಕದಲ್ಲಿ, ಕಟ್ಟಿಗೆಯ ಹಲಗೆಯ ಮೇಲೆ, ರಾತ್ರಿಯಿಡೀ ಬಿಡು. ಬೆಳಿಗ್ಗೆ ಅಳೆ. ನೆಲದ ಪರಸಿಯನ್ನೂ ಅಳೆದು ಬೇರೆ ಕಾಲಮ್ಮಿನಲ್ಲಿ ಬರೆ, ಅದು ಇನ್ನೊಂದು ಪ್ರಾಜೆಕ್ಟಿನ ಬೀಜ.

ಊಹೆ, ಸಿದ್ಧಾಂತ, ನಿಯಮ ಇವುಗಳ ವ್ಯಾಖ್ಯೆ ನಿನ್ನ ಪುಸ್ತಕದಲ್ಲೇ ಇದೆ, ನಾನು ಮತ್ತೆ ಬರೆಯುವುದಿಲ್ಲ. ಒಂದೇ ಮಾತು ಸೇರಿಸುತ್ತೇನೆ. ‘ಅದು ಬರೀ ಸಿದ್ಧಾಂತ’ ಅಂತ ಜನ ಹಗುರವಾಗಿ ಅನ್ನುತ್ತಾರೆ. ವಿಜ್ಞಾನದಲ್ಲಿ ಸಿದ್ಧಾಂತ ಅಂದರೆ ಇಂಥ ನೂರಾರು ಭವಿಷ್ಯಗಳನ್ನು ಹೇಳಿ, ತಪ್ಪಾಗುವ ಅವಕಾಶ ನೂರಾರು ಸಲ ಇದ್ದರೂ ತಪ್ಪಾಗದೆ ಉಳಿದ ವಿವರಣೆ. ಅಂಥದ್ದನ್ನು ಹಗುರವಾಗಿ ಕಾಣಬಾರದು.

ನಿನ್ನ ಪ್ರದರ್ಶನ ವಿಜ್ಞಾನ ದಿನದ್ದು ಅಂದೆಯಲ್ಲ, ಆ ದಿನದ ಹಿಂದೆಯೂ ಇಂಥದ್ದೇ ಕಥೆ ಇದೆ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಕಣ್ಣಿಗೆ ಕಟ್ಟಿತು. ಸಮುದ್ರದ ನೀಲಿ ಅಂದರೆ ಆಕಾಶದ ನೀಲಿಯ ಪ್ರತಿಬಿಂಬ ಅಂತ ಆಗ ದೊಡ್ಡ ವಿಜ್ಞಾನಿ ಲಾರ್ಡ್ ರ‍್ಯಾಲೇ ಹೇಳಿದ್ದರು. ರಾಮನ್ ವಾದ ಮಾಡುತ್ತ ಕೂರಲಿಲ್ಲ. ಅವರ ಬಳಿ ನಿಕಲ್ ಪ್ರಿಸಮ್ ಅನ್ನುವ ಸಣ್ಣ ಗಾಜಿನಂಥ ಹರಳು ಇತ್ತು. ಸರಿಯಾದ ಕೋನದಲ್ಲಿ ಹಿಡಿದರೆ ಅದು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆಯುತ್ತದೆ. ಈಗ ಯೋಚಿಸು. ನೀಲಿ ಪ್ರತಿಬಿಂಬವೇ ಆಗಿದ್ದರೆ, ಪ್ರತಿಫಲನ ತಡೆದಾಗ ನೀಲಿಯೂ ಹೋಗಬೇಕು. ಹೋಗಲಿಲ್ಲ. ಇನ್ನೂ ಚೆನ್ನಾಗಿ ಕಾಣಿಸಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಅನ್ನುವ ದಾರಿಯಲ್ಲಿ ಅವರು ಮುಂದೆ ಹೋದರು. ಬೆಳಕು ಚದುರುವುದನ್ನೇ ಹಿಡಿದು ಏಳು ವರ್ಷ ದುಡಿದು 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ, ಅಂದರೆ ಚದುರಿದ ಬೆಳಕಿನ ಒಂದು ಸಣ್ಣ ಭಾಗದ ಬಣ್ಣ ಬದಲಾಗುವುದನ್ನು, ಕಂಡುಹಿಡಿದರು. 1930ರಲ್ಲಿ ನೊಬೆಲ್ ಬಂತು. ಆ ಹಡಗಿನ ಮೇಲೆ ಅವರು ಮಾಡಿದ್ದೂ, ಮಂಜುಗಡ್ಡೆಯನ್ನು ಕೌದಿಯ ಮೇಲಿಟ್ಟು ನೀನು ಮಾಡಲಿರುವುದೂ ಒಂದೇ ಬಗೆಯ ಕೆಲಸ. ಇದು ನಿಜವಾದರೆ ಅದು ಆಗಬೇಕು, ನೋಡೇಬಿಡೋಣ ಅನ್ನುವುದು.

ಪ್ರದರ್ಶನದ ಮೇಜನ್ನು ಹೀಗೆ ಮಾಡು. ಪರಸಿ ತುಂಡು, ಹಂಚು, ಮಣೆ, ಕೌದಿ ಸಾಲಾಗಿ ಇರಲಿ. ಬಂದವರು ಮೊದಲು ಮುಟ್ಟಲಿ. ಯಾವುದು ಎಷ್ಟು ಡಿಗ್ರಿ ಇರಬಹುದು ಅಂತ ಪಾಟಿಯ ಮೇಲೆ ಅವರೇ ಬರೆಯಲಿ. ಆಮೇಲೆ ಥರ್ಮಾಮೀಟರ್ ತೋರಿಸು. ಉತ್ತರವನ್ನು ನೀನೇ ಮೊದಲು ಹೇಳಿಬಿಡಬೇಡ, ಅವರ ಮುಖದ ಮೇಲಿನ ಆಶ್ಚರ್ಯ ಅವರದೇ ಆಗಿರಲಿ. ಚಾರ್ಟಿನ ಮೊದಲ ಸಾಲಿನಲ್ಲಿ ‘ನನ್ನ ಊಹೆ: ಕಲ್ಲು ಕೌದಿಗಿಂತ ತಣ್ಣಗಿರುತ್ತದೆ. ಇದು ತಪ್ಪಾಯಿತು’ ಅಂತ ದೊಡ್ಡ ಅಕ್ಷರದಲ್ಲಿ ಬರೆ. ಅದರ ಕೆಳಗೆ ಮೂರು ದಿನದ ಹಳೆಯ ಅಳತೆ, ಆಮೇಲೆ ಹೊಸ ರೀತಿಯಲ್ಲಿ ತೆಗೆದ ಅಳತೆ, ಎರಡೂ ಇರಲಿ. ಹಳೆಯದನ್ನು ಹರಿದು ಹಾಕಬೇಡ. ತೀರ್ಪು ಕೊಡುವವರು ‘ಊಹೆ ತಪ್ಪಾದದ್ದನ್ನು ಯಾಕೆ ತಂದೆ?’ ಅಂತ ಕೇಳಿದರೆ, ತಪ್ಪಾದ ಮೇಲೆ ಏನು ಮಾಡಿದೆ ಅನ್ನುವುದನ್ನು ಒಂದೊಂದಾಗಿ ತೋರಿಸು. ಬಹುಮಾನ ಬರುತ್ತದೋ ಇಲ್ಲವೋ ನನಗೆ ಹೇಳಲು ಆಗದು. ಸಾಧ್ಯವಾದರೆ ಒಂದು ರವಿವಾರ ಅಪ್ಪನ ಜೊತೆ ಕಲಬುರಗಿಗೆ ಬಂದು ಜಿಲ್ಲಾ ವಿಜ್ಞಾನ ಕೇಂದ್ರ ನೋಡಿಕೊಂಡು ಹೋಗು, ಕೈಯಿಂದ ಮುಟ್ಟಿ ನೋಡುವ ಪ್ರಯೋಗಗಳು ಅಲ್ಲಿ ಬಹಳ ಇವೆ.

ವಹಿಯಲ್ಲಿ ಮೇ ತಿಂಗಳಿಗೆ ಅಂತ ಎರಡು ಪುಟ ಖಾಲಿ ಬಿಡು. ಎಡಗಡೆ ನಿನ್ನ ಭವಿಷ್ಯ, ಈಗಲೇ ಬರೆದದ್ದು. ಬಲಗಡೆ ಶೆಡ್ಡಿನೊಳಗೆ ಆ ದಿನ ಸಿಕ್ಕದ್ದು. ಮಣೆಗಿಂತ ಪರಸಿ ಜಾಸ್ತಿ ಬಿಸಿ ಅನ್ನಿಸಲಿ, ಅನ್ನಿಸದೇ ಇರಲಿ, ಬಂದದ್ದನ್ನು ಬಂದ ಹಾಗೆ ನನಗೆ ಬರೆದು ಕಳಿಸು. ಅನ್ನಿಸದೇ ಇದ್ದರೆ ಆ ಪತ್ರವನ್ನು ಇನ್ನೂ ಬೇಗ ಕಳಿಸು, ಕಾರಣ ಹುಡುಕಲು ಇಬ್ಬರೂ ಕೂಡೋಣ.